ಮೀಟರ್ ಬೋರ್ಡಿನ ಕೆಂಪು ದೀಪವೇ ಹತ್ತದಿರಬಹುದು ಎಂದು ಕಂಪನಿಯಿಂದ ಸಂದೇಶ ಬಂದಿದೆ, ಗಾಡಿ ಓಡಿಸಬಹುದೇ?

ಕ್ಯಾತ್ಸಂದ್ರದವ (ಭಾನುವಾರ, ಬೆಳಿಗ್ಗೆ 9.10)

ಎಲ್ಲರಿಗೂ ನಮಸ್ಕಾರ. ಹೋದ ವಾರ ನನ್ನ ಮೊಬೈಲಿಗೆ ಕಾರು ಕಂಪನಿಯಿಂದ ಒಂದು ಸಂದೇಶ ಬಂದಿತು. ಮೀಟರ್ ಬೋರ್ಡಿನ ಸಾಫ್ಟ್‌ವೇರಿನಲ್ಲಿ ದೋಷ ಕಂಡುಬಂದಿರುವುದರಿಂದ ಕೆಲವು ಎಚ್ಚರಿಕೆ ದೀಪಗಳು ಹತ್ತಬೇಕಾದ ಹೊತ್ತಿನಲ್ಲಿ ಹತ್ತದೇ ಇರಬಹುದು, ಆದ್ದರಿಂದ ನಿಮ್ಮ ವಾಹನವನ್ನು ಹಿಂಪಡೆಯುತ್ತಿದ್ದೇವೆ, ಸರ್ವೀಸ್ ಸೆಂಟರಿಗೆ ತಂದರೆ ಉಚಿತವಾಗಿ ಸರಿಪಡಿಸುತ್ತೇವೆ ಎಂದು ಅದರಲ್ಲಿತ್ತು. ‘ಹಿಂಪಡೆಯುತ್ತಿದ್ದೇವೆ’ ಎಂಬ ಮಾತನ್ನು ಓದಿ ಹೇಳಿದ್ದೇ ತಡ, ನಮ್ಮ ತಂದೆಯವರು ಹೊರಗೆ ಹೋಗಿ ಕಾರಿನೊಳಗಿದ್ದ ಛತ್ರಿಯನ್ನೂ ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದ ಸಿದ್ಧಗಂಗೆಯ ಹಿರಿಯ ಸ್ವಾಮಿಗಳ ಸಣ್ಣ ಫೋಟೋವನ್ನೂ ಬಿಡಿಸಿಕೊಂಡು ಒಳಗೆ ತಂದರು. ಗಾಡಿಯನ್ನೇ ವಾಪಸು ಒಯ್ಯುತ್ತಾರೆ ಎಂದು ಅವರು ತಿಳಿದಿದ್ದರು. ಹಾಗಾದರೆ ದುಡ್ಡು ಪೂರ್ತಿ ಕೊಡುತ್ತಾರೆಯೇ ಎಂಬುದು ಅವರ ಮರುಪ್ರಶ್ನೆ.

ಶುಕ್ರವಾರ ಊರಿನ ಸರ್ವೀಸ್ ಸೆಂಟರಿಗೆ ಹೋಗಿದ್ದೆ. ಅಲ್ಲಿನ ಸಲಹೆಗಾರರು ಕೀಲಿ ತಿರುಗಿಸಿ, ಎಂಜಿನ್ ಚಾಲೂ ಮಾಡಿ, ಒಂದು ನಿಮಿಷ ನೋಡಿ, “ಯಾವ ದೀಪವೂ ಹತ್ತಿಲ್ಲವಲ್ಲ ಸಾರ್, ನಿಮ್ಮ ಗಾಡಿಯಲ್ಲಿ ಏನೂ ತೊಂದರೆಯಿಲ್ಲ” ಎಂದರು. ಆಮೇಲೆ ಹದಿನೈದು ದಿನ ಬಿಟ್ಟು ಬರಲು ಹೇಳಿ, ಅಷ್ಟರೊಳಗೆ ಸಮಾಧಾನ ಬೇಕಿದ್ದರೆ 1,200 ರೂಪಾಯಿಗೆ ‘ಜನರಲ್ ಚೆಕಪ್’ ಮಾಡಿಸಿಕೊಳ್ಳಿ ಎಂದರು. ನಾನು ದಿನಾ ದಾಬಸ್‌ಪೇಟೆಗೆ ಹೆದ್ದಾರಿಯಲ್ಲಿ ಹೋಗಿ ಬರುವವನು. ಅಲ್ಲಿಯವರೆಗೆ ಗಾಡಿ ಓಡಿಸುವುದು ಸರಿಯೇ? ಆ ಹಣವನ್ನು ಅವರು ಕೇಳುವುದು ಸರಿಯೇ?

ಶಿರಾ ಗೇಟ್ (9.31)

ದೀಪ ಹತ್ತದಿರುವುದೇ ಕಾಯಿಲೆಯಾಗಿರುವಾಗ, ದೀಪ ಹತ್ತಿಲ್ಲವಾದ್ದರಿಂದ ಕಾಯಿಲೆಯಿಲ್ಲ ಎಂದು ತೀರ್ಪು ಕೊಟ್ಟ ಆ ಸಲಹೆಗಾರರಿಗೆ ನನ್ನದೊಂದು ನಮಸ್ಕಾರ ತಿಳಿಸಿಬಿಡಿ.

ಅಂತರಸನಹಳ್ಳಿ ಗ್ಯಾರೇಜು (10.05)

ಇಪ್ಪತ್ತೆರಡು ವರ್ಷಗಳಿಂದ ಗಾಡಿ ರಿಪೇರಿ ಮಾಡುತ್ತಿರುವ ನನ್ನ ಅನುಭವದಲ್ಲಿ ಹೇಳುವುದಾದರೆ, ಇಷ್ಟು ಗಾಬರಿಯಾಗುವ ವಿಷಯ ಇದಲ್ಲ. ಹತ್ತಿದ ದೀಪವನ್ನೇ ನಮ್ಮ ಜನ ಎಲ್ಲಿ ನೋಡುತ್ತಾರೆ? ಎಂಜಿನ್ನಿನ ಹಳದಿ ದೀಪ ಹತ್ತಿಸಿಕೊಂಡೇ ಆರು ತಿಂಗಳು ಓಡಿಸಿ ತರುವವರನ್ನು ನಾನು ವಾರಕ್ಕಿಬ್ಬರಂತೆ ಕಾಣುತ್ತೇನೆ. ಒಬ್ಬರ ಗಾಡಿಯಲ್ಲಿ ಆ ದೀಪದ ಮೇಲೆ ಸರಿಯಾಗಿ ಒಂದು ಕೆಂಪು ಸ್ಟಿಕ್ಕರ್ ಬಿಂದಿ ಅಂಟಿಸಿತ್ತು. ಕೇಳಿದರೆ, ರಾತ್ರಿ ಹೊತ್ತು ಕಣ್ಣಿಗೆ ಚುಚ್ಚುತ್ತಿತ್ತು ಎಂದರು. ಬಿಂದಿ ಕಿತ್ತರೆ ಅದರ ಹಿಂದೆ ದೀಪ ಉರಿಯುತ್ತಲೇ ಇತ್ತು.

ಹಳೆಯ ಗಾಡಿಗಳಲ್ಲಿ ಆಯಿಲ್ ಸ್ವಿಚ್ಚಿನಿಂದ ಒಂದು ತಂತಿ ನೇರವಾಗಿ ಬಲ್ಬಿಗೆ ಬರುತ್ತಿತ್ತು. ಬಲ್ಬು ಸುಟ್ಟರೆ ಹತ್ತು ರೂಪಾಯಿಯ ಕೆಲಸ. ಈಗ ಎಲ್ಲವನ್ನೂ ಕಂಪ್ಯೂಟರಿನ ಕೈಗೆ ಕೊಟ್ಟು, ಅದು ಮರೆತರೆ ಲಕ್ಷಗಟ್ಟಲೆ ಗಾಡಿಗಳನ್ನು ಕರೆಯುತ್ತಾರೆ.

ವೇಮಗಲ್ ಎಂಜಿನಿಯರ್ (10.48)

ಗ್ಯಾರೇಜಿನವರ ಅನುಭವಕ್ಕೆ ಗೌರವವಿದೆ, ಆದರೆ ಅವರ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಇಂಥ ಮೀಟರ್ ಬೋರ್ಡುಗಳನ್ನು ಪರೀಕ್ಷಿಸುವುದೇ ನನ್ನ ಉದ್ಯೋಗವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಈಗಿನ ಕಾರುಗಳಲ್ಲಿ ಬ್ರೇಕಿನ ನಿಯಂತ್ರಕ, ಎಂಜಿನ್ನಿನ ನಿಯಂತ್ರಕ, ಏರ್‌ಬ್ಯಾಗಿನ ನಿಯಂತ್ರಕ ಇವೆಲ್ಲವೂ ಕ್ಯಾನ್ ಎಂಬ ಎರಡೆಳೆ ತಂತಿಯ ಜಾಲದ ಮೂಲಕ ಪರಸ್ಪರ ಮಾತಾಡಿಕೊಳ್ಳುತ್ತವೆ. ‘ನನ್ನಲ್ಲಿ ದೋಷವಿದೆ’ ಎಂದು ಬ್ರೇಕಿನ ನಿಯಂತ್ರಕ ಕ್ಷಣಕ್ಷಣಕ್ಕೂ ಹೇಳುತ್ತಿರುತ್ತದೆ, ಅದನ್ನು ಕೇಳಿಸಿಕೊಂಡು ಪರದೆಯ ಮೇಲೆ ಕೆಂಪು ಚಿತ್ರ ಬರೆಯುವುದು ಮೀಟರ್ ಬೋರ್ಡಿನ ಕೆಲಸ. ಸಾಫ್ಟ್‌ವೇರಿನ ದೋಷ ಎಲ್ಲಿ ಬೇಕಾದರೂ ನುಸುಳಬಹುದು. ಪರದೆ ಹೆಪ್ಪುಗಟ್ಟಬಹುದು, ಚಾಲೂ ಆಗುವುದು ತಡವಾಗಿ ಮೊದಲ ಸಂದೇಶ ತಪ್ಪಿಹೋಗಬಹುದು, ಒಂದೇ ಜಾಗದಲ್ಲಿ ಬರಬೇಕಾದ ಎರಡು ಎಚ್ಚರಿಕೆಗಳಲ್ಲಿ ಮುಖ್ಯವಾದದ್ದೇ ಮರೆಯಾಗಬಹುದು. ಇವುಗಳಲ್ಲಿ ಯಾವುದಾದರೂ ಚಾಲಕನಿಗೆ ಕಾಣುವುದು ಒಂದೇ ರೀತಿ: ಏನೂ ಕಾಣುವುದಿಲ್ಲ.

ಬಿಂದಿ ಅಂಟಿಸಿದವರಿಗೆ ಅಲ್ಲೊಂದು ದೀಪ ಉರಿಯುತ್ತಿದೆ ಎಂದು ಗೊತ್ತಿತ್ತು. ಕ್ಯಾತ್ಸಂದ್ರದವರಿಗೆ ಅದು ಗೊತ್ತಾಗುವ ದಾರಿಯೇ ಇಲ್ಲ. ಆದ್ದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಇನ್ನೊಂದು ಮಾತು. ಕೀಲಿ ತಿರುಗಿಸಿದ ಕೂಡಲೇ ಎಲ್ಲ ದೀಪಗಳೂ ಕೆಲವು ಸೆಕೆಂಡು ಹತ್ತಿ ಆರುತ್ತವಲ್ಲ, ಅದನ್ನು ನೋಡಿ ಧೈರ್ಯ ತಂದುಕೊಳ್ಳುವವರು ಬಹಳ. ಹಳೆಯ ಗಾಡಿಗಳಲ್ಲಿ ಬಲ್ಬು ಸುಟ್ಟಿಲ್ಲ ಎಂಬುದಕ್ಕೆ ಅದು ಸಾಕ್ಷಿಯಾಗಿತ್ತು. ಪರದೆಯಿರುವ ಗಾಡಿಗಳಲ್ಲಿ, ಮೀಟರ್ ಬೋರ್ಡು ತಾನೇ ಬರೆದುಕೊಳ್ಳುವ ಚಿತ್ರಗಳ ಮಟ್ಟಿಗಂತೂ, ಬರೆಯಲು ಬರುತ್ತದೆ ಎನ್ನುವುದಕ್ಕಷ್ಟೇ ಅದು ಸಾಕ್ಷಿ. ಬೇಕಾದಾಗ ಬರೆಯುತ್ತದೆ ಎನ್ನುವುದಕ್ಕಲ್ಲ.

ಮಾಲೂರು ಬೈಪಾಸ್ (11.02)

ಸಂದೇಶದಲ್ಲಿ ಯಾವ ಯಾವ ದೀಪಗಳೆಂದು ಹೇಳಿದ್ದಾರೆಯೇ?

ಕ್ಯಾತ್ಸಂದ್ರದವ (11.20)

ಬ್ರೇಕ್ ವ್ಯವಸ್ಥೆಯ ಕೆಂಪು ದೀಪ ಮತ್ತು ಟೈರಿನ ಗಾಳಿ ಒತ್ತಡದ ಹಳದಿ ದೀಪ ಎಂದು ಬರೆದಿದ್ದಾರೆ. ಬ್ರೇಕ್ ಎಂಬ ಪದವನ್ನು ಓದಿದ ಮೇಲೆ ಮನೆಯವರು ದೇವರಾಯನದುರ್ಗಕ್ಕೆ ಈ ಗಾಡಿಯಲ್ಲಿ ಬರುವುದಿಲ್ಲ ಎಂದು ಕೂತಿದ್ದಾರೆ.

ಅಂತರಸನಹಳ್ಳಿ ಗ್ಯಾರೇಜು (11.41)

ಬ್ರೇಕಿನ ದೀಪ ಎಂದು ಮೊದಲೇ ಹೇಳಿದ್ದರೆ ನಾನು ಅಷ್ಟು ಹಗುರವಾಗಿ ಬರೆಯುತ್ತಿರಲಿಲ್ಲ. ಅದೊಂದು ದೀಪದ ವಿಷಯದಲ್ಲಿ ಎಂಜಿನಿಯರ್ ಮಾತು ಸರಿ. ಕೈಬ್ರೇಕು ಎಳೆದರೂ ಅದೇ ದೀಪ, ಬ್ರೇಕ್ ಆಯಿಲ್ ಕಡಿಮೆಯಾದರೂ ಅದೇ ದೀಪ. ಆಯಿಲ್ ಡಬ್ಬಿಯಲ್ಲಿ ಒಂದು ತೇಲುವ ಬೆಂಡು ಇರುತ್ತದೆ, ಅದು ಕೆಳಗಿಳಿದರೆ ಸ್ವಿಚ್ಚು ಕೂಡಿಕೊಳ್ಳುತ್ತದೆ.

ಈಗಲೇ ಮಾಡಬೇಕಾದದ್ದು ಸುಲಭವಿದೆ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಬಾನೆಟ್ ಎತ್ತಿ. ಅರೆಪಾರದರ್ಶಕ ಡಬ್ಬಿಯ ಹೊರಮೈಯಲ್ಲೇ ಮ್ಯಾಕ್ಸ್, ಮಿನ್ ಎಂಬ ಎರಡು ಗೆರೆಗಳಿರುತ್ತವೆ. ಎಣ್ಣೆ ಅವೆರಡರ ನಡುವೆ ಇದ್ದರೆ ಓಡಿಸಿ. ಬೇಕಿದ್ದರೆ ಕೈಬ್ರೇಕು ಬಿಟ್ಟು, ಕೀಲಿ ಆನ್ ಮಾಡಿ, ಮುಚ್ಚಳ ಎತ್ತಿ ನೋಡಿ. ಮುಚ್ಚಳಕ್ಕೇ ಬೆಂಡು ಇರುವ ಗಾಡಿಯಾದರೆ ದೀಪ ಹತ್ತಲೇಬೇಕು.

ವೇಮಗಲ್ ಎಂಜಿನಿಯರ್ (11.50)

ದಯವಿಟ್ಟು ಮುಚ್ಚಳ ತೆಗೆಯಬೇಡಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಒಂದು ಹನಿ ಬಿದ್ದರೂ ಬಣ್ಣ ಕಿತ್ತುಬರುತ್ತದೆ, ದೂಳು ಒಳಗೆ ಬಿದ್ದರಂತೂ ಮುಗಿಯಿತು. ಹೊರಗಿನಿಂದ ಟಾರ್ಚು ಹಿಡಿದು ನೋಡಿದರೆ ಸಾಕು. ಮೇಲಾಗಿ ದೋಷ ಆಗೊಮ್ಮೆ ಈಗೊಮ್ಮೆ ಕಾಣಿಸಿಕೊಳ್ಳುವಂಥದ್ದಾದರೆ, ಒಂದು ಸಲ ದೀಪ ಹತ್ತಿತು ಎಂಬುದರಿಂದ ಏನೂ ಸಾಬೀತಾಗುವುದಿಲ್ಲ.

ಅಂತರಸನಹಳ್ಳಿ ಗ್ಯಾರೇಜು (11.58)

ಎರಡು ಸೆಕೆಂಡು ಮುಚ್ಚಳ ಎತ್ತಿದರೆ ಎಣ್ಣೆ ಕೆಡುತ್ತದೆ ಎಂಬುದು ಪುಸ್ತಕದ ಮಾತು. ಆದರೂ ಹೊಸಬರು ಟಾರ್ಚಿನಲ್ಲಿ ನೋಡುವುದೇ ಒಳ್ಳೆಯದು, ಅಷ್ಟನ್ನು ಒಪ್ಪುತ್ತೇನೆ.

ಕೆಎ-40 ಹಳದಿ ಬೋರ್ಡು (ಮಧ್ಯಾಹ್ನ 12.36)

ನನ್ನದೂ ಇದೇ ಕಂಪನಿಯ ಗಾಡಿ, ನನಗೂ ಸಂದೇಶ ಬಂದಿದೆ. ಚಿಕ್ಕಬಳ್ಳಾಪುರದಿಂದ ವಿಮಾನ ನಿಲ್ದಾಣಕ್ಕೆ ದಿನಕ್ಕೆ ಎರಡು ಮೂರು ಬಾಡಿಗೆ ಹೊಡೆದರೆ ಮಾತ್ರ ಸಾಲದ ಕಂತು ಹುಟ್ಟುತ್ತದೆ. ಕೆಲಸ ಒಂದೇ ಗಂಟೆ ಎಂದು ಫೋನಿನಲ್ಲಿ ಹೇಳುತ್ತಾರೆ. ಆದರೆ ಬೆಳಿಗ್ಗೆ ಒಂಬತ್ತಕ್ಕೆ ಬಿಟ್ಟು ಸಂಜೆ ಬಂದು ತೆಗೆದುಕೊಳ್ಳಿ ಎನ್ನುವುದೂ ಅವರೇ. ಉಚಿತ ಎಂದು ಬರೆದವರು ನನ್ನ ಒಂದು ದಿನದ ಬಾಡಿಗೆಯನ್ನು ಯಾವ ಲೆಕ್ಕದಲ್ಲಿ ಬರೆದುಕೊಂಡಿದ್ದಾರೆ ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಶಿರಾ ಗೇಟ್ (12.44)

ಹೀಗೆ ಪದೇ ಪದೇ ಹಿಂಪಡೆಯುವ ಕಂಪನಿಯ ಗಾಡಿಯನ್ನೇ ಕೊಳ್ಳಬಾರದು. ಒಂದು ದೀಪ ಹತ್ತಿಸಲು ಬಾರದವರು ಕಾರು ಹೇಗೆ ಕಟ್ಟುತ್ತಾರೆ?

ಮಾಲೂರು ಬೈಪಾಸ್ (1.15)

ಆ ಲೆಕ್ಕ ಹಿಡಿದರೆ ನೀವು ಎತ್ತಿನಗಾಡಿಗೇ ಮರಳಬೇಕಾಗುತ್ತದೆ. 2024ರ ಫೆಬ್ರುವರಿಯಲ್ಲಿ ಟೆಸ್ಲಾ ಕಂಪನಿ ಅಮೆರಿಕದಲ್ಲಿ ಸುಮಾರು 22 ಲಕ್ಷ ಕಾರುಗಳನ್ನು ಹಿಂಪಡೆಯಿತು. ಕಾರಣವೇನು ಗೊತ್ತೇ? ಬ್ರೇಕ್, ಪಾರ್ಕ್, ಎಬಿಎಸ್ ಎಂಬ ಎಚ್ಚರಿಕೆಗಳ ಅಕ್ಷರಗಳು ಪರದೆಯ ಮೇಲೆ ತೀರ ಸಣ್ಣದಾಗಿದ್ದವು. ಅಲ್ಲಿನ ನಿಯಮದ ಪ್ರಕಾರ ಅಕ್ಷರದ ಎತ್ತರ ಕನಿಷ್ಠ 3.2 ಮಿಲಿಮೀಟರ್ ಇರಬೇಕು. ದೀಪ ಹತ್ತುತ್ತಿತ್ತು, ಚಿಕ್ಕದಾಗಿ ಹತ್ತುತ್ತಿತ್ತು, ಅಷ್ಟೇ. ಅದಕ್ಕೂ ಹಿಂಪಡೆದರು.

ನಮ್ಮಲ್ಲಿಯೂ 2025ರ ನವೆಂಬರಿನಲ್ಲಿ ಮಾರುತಿ ಸುಜುಕಿಯವರು 39,506 ಗ್ರ್ಯಾಂಡ್ ವಿಟಾರಾ ಕಾರುಗಳನ್ನು ಹಿಂಪಡೆದರು. ಸ್ಪೀಡೋಮೀಟರ್ ಜೋಡಣೆಯಲ್ಲಿರುವ ಇಂಧನದ ಮುಳ್ಳು ಮತ್ತು ಎಚ್ಚರಿಕೆ ದೀಪ ಟ್ಯಾಂಕಿನ ನಿಜ ಸ್ಥಿತಿಯನ್ನು ತೋರಿಸದೇ ಇರಬಹುದು ಎಂಬುದೇ ಅಲ್ಲಿಯೂ ಕಾರಣವಾಗಿತ್ತು. ಅದೇ ತಿಂಗಳು ಟೊಯೋಟಾದವರು ಅದೇ ಬಗೆಯ ದೋಷಕ್ಕೆ 11,529 ಹೈರೈಡರ್ ಕಾರುಗಳನ್ನು ಕರೆಸಿದರು. ಇವೆರಡೂ ಹೆಸರು ಬೇರೆಯಾದ ಅಣ್ಣತಮ್ಮಂದಿರು, ಎರಡರ ತಯಾರಿಕೆಯೂ ಆರಂಭವಾದದ್ದು ನಮ್ಮ ಬಿಡದಿಯಲ್ಲೇ. ತಪ್ಪು ಎಲ್ಲರಿಂದಲೂ ಆಗುತ್ತದೆ. ಕರೆದು ಹೇಳುವವರನ್ನು ಬೈದರೆ ನಾಳೆ ಯಾರೂ ಹೇಳುವುದಿಲ್ಲ.

ಶಿರಾ ಗೇಟ್ (1.22)

ಟೆಸ್ಲಾದವರು ಮನೆಯಲ್ಲಿ ನಿಂತ ಕಾರಿಗೇ ಗಾಳಿಯಲ್ಲಿ ಹೊಸ ಸಾಫ್ಟ್‌ವೇರ್ ಕಳಿಸಿದರು, ಯಾರನ್ನೂ ಸಾಲಿನಲ್ಲಿ ನಿಲ್ಲಿಸಲಿಲ್ಲ. ಅದನ್ನು ಹಿಂಪಡೆಯುವುದು ಎಂದು ಕರೆಯುವುದೇ ತಪ್ಪು.

ವೇಮಗಲ್ ಎಂಜಿನಿಯರ್ (1.40)

ಹೆಸರಿನ ಜಗಳ ಬೇಡ. ಸುರಕ್ಷತೆಯ ದೋಷವನ್ನು ಕಾನೂನಿನಂತೆ ಸರ್ಕಾರಕ್ಕೂ ಮಾಲೀಕರಿಗೂ ತಿಳಿಸಿ ಉಚಿತವಾಗಿ ತಿದ್ದುವುದು ರೀಕಾಲ್. ಅದು ಗಾಳಿಯಲ್ಲಿ ಬಂದರೂ ಸ್ಪ್ಯಾನರಿನಲ್ಲಿ ಬಂದರೂ ಒಂದೇ. ಎಲ್ಲ ಕಾರುಗಳ ಮೀಟರ್ ಬೋರ್ಡಿಗೂ ಗಾಳಿಯಲ್ಲಿ ಸಾಫ್ಟ್‌ವೇರ್ ಕಳಿಸಲು ಆಗುವುದಿಲ್ಲ, ಸ್ಟಿಯರಿಂಗಿನ ಕೆಳಗಿರುವ ಓಬಿಡಿ ಕಿಂಡಿಗೆ ಯಂತ್ರ ಜೋಡಿಸಿಯೇ ಬರೆಯಬೇಕಾಗುತ್ತದೆ. ಆ ಹೊತ್ತಿನಲ್ಲಿ ಬ್ಯಾಟರಿಯ ವೋಲ್ಟೇಜ್ ಇಳಿದರೆ ಬರಹ ಅರ್ಧಕ್ಕೆ ನಿಂತು ಇಡೀ ಮೀಟರ್ ಬೋರ್ಡೇ ಸತ್ತುಹೋಗಬಹುದು. ಆದ್ದರಿಂದ ಬ್ಯಾಟರಿಗೆ ಹೊರಗಿನಿಂದ ಚಾರ್ಜರ್ ಕೊಟ್ಟಿದ್ದಾರೆಯೇ ಎಂದು ನೋಡಿಕೊಳ್ಳಿ. ಹೋಗುವ ಮೊದಲು ಓಡಿದ ಕಿಲೋಮೀಟರ್ ತೋರಿಸುವ ಓಡೋಮೀಟರಿನ ಅಂಕಿಯ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಜಾಬ್ ಕಾರ್ಡಿನಲ್ಲಿ ರೀಕಾಲ್ ಅಭಿಯಾನದ ಸಂಖ್ಯೆಯನ್ನೂ, ಸಾಫ್ಟ್‌ವೇರಿನ ಹಳೆಯ ಮತ್ತು ಹೊಸ ಆವೃತ್ತಿಗಳ ಸಂಖ್ಯೆಯನ್ನೂ ಬರೆಸಿಕೊಳ್ಳಿ.

ಚಿಂತಾಮಣಿ ಕರಿಕೋಟು (ಸಂಜೆ 4.25)

ಕ್ಯಾತ್ಸಂದ್ರದವರ ತಂದೆಯವರು ಕೇಳಿದ ಪ್ರಶ್ನೆಯನ್ನು ಇಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಂಡಂತೆ ಕಾಣಲಿಲ್ಲ. ಅದು ನಗುವ ಪ್ರಶ್ನೆಯಲ್ಲ. 2019ರ ತಿದ್ದುಪಡಿಯ ಮೂಲಕ ಮೋಟಾರು ವಾಹನ ಕಾಯ್ದೆಗೆ 110ಎ ಎಂಬ ಕಲಮು ಸೇರಿತು. ಒಂದು ಮಾದರಿಯ ವಾಹನದ ದೋಷದಿಂದ ಪರಿಸರಕ್ಕಾಗಲಿ, ಚಾಲಕನಿಗಾಗಲಿ, ಪ್ರಯಾಣಿಕರಿಗಾಗಲಿ, ರಸ್ತೆಯ ಇತರ ಬಳಕೆದಾರರಿಗಾಗಲಿ ಹಾನಿಯಾಗಬಹುದು ಎಂದು ಕಂಡುಬಂದರೆ ಆ ವಾಹನಗಳನ್ನು ಹಿಂಪಡೆಯುವಂತೆ ಕೇಂದ್ರ ಸರ್ಕಾರ ತಯಾರಕರಿಗೆ ಆದೇಶಿಸಬಹುದು. ಹಾಗೆ ಆದೇಶವಾದಾಗ ತಯಾರಕರು ಖರೀದಿದಾರರಿಗೆ ವಾಹನದ ಪೂರ್ಣ ಬೆಲೆಯನ್ನು ಮರಳಿಸಬೇಕು, ಇಲ್ಲವೇ ಅದೇ ದರ್ಜೆಯ ಅಥವಾ ಅದಕ್ಕಿಂತ ಉತ್ತಮವಾದ ಬೇರೆ ವಾಹನ ಕೊಡಬೇಕು, ಇಲ್ಲವೇ ರಿಪೇರಿ ಮಾಡಿಕೊಡಬೇಕು. ಇದಕ್ಕೆ ಪೂರಕವಾದ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ, ಏಳು ವರ್ಷದೊಳಗಿನ ವಾಹನಗಳಿಗೆ ಅನ್ವಯಿಸುತ್ತವೆ, ಅವುಗಳ ಅಡಿಯಲ್ಲಿ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಅದಕ್ಕೂ ಮೊದಲು ಇದ್ದದ್ದು 2012ರಲ್ಲಿ ತಯಾರಕರ ಸಂಘವಾದ ಸಿಯಾಮ್ ತಾನೇ ಹಾಕಿಕೊಂಡ ಸ್ವಯಂಪ್ರೇರಿತ ಸಂಹಿತೆ ಮಾತ್ರ.

ನಿಮ್ಮದು ಕಂಪನಿಯೇ ತಾನಾಗಿ ಕರೆದ ರೀಕಾಲ್ ಆದ್ದರಿಂದ ರಿಪೇರಿಯಲ್ಲೇ ಮುಗಿಯುತ್ತದೆ, ತಂದೆಯವರಿಗೆ ಬೇಸರವಾದರೂ ಸರಿ. ಆದರೆ 1,200 ರೂಪಾಯಿಯನ್ನು ಯಾವ ಕಾರಣಕ್ಕೂ ಕೊಡಬೇಡಿ. ಕೇಳಿದರೆ ಅದನ್ನು ಲಿಖಿತವಾಗಿ ಕೇಳಿರಿ ಎನ್ನಿ, ಅರ್ಧ ಜನ ಅಲ್ಲಿಗೇ ಸುಮ್ಮನಾಗುತ್ತಾರೆ. ಉಳಿದವರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕ ಆಯೋಗವಿದೆ.

ಹಳದಿ ಬೋರ್ಡಿನವರ ಬಾಡಿಗೆ ನಷ್ಟದ ಪ್ರಶ್ನೆ ಕಷ್ಟದ್ದು. ಒಂದು ದಿನದ ನಷ್ಟಕ್ಕೆ ಹೋರಾಡಿದರೆ ಹತ್ತು ದಿನ ಆಯೋಗಕ್ಕೆ ಅಲೆಯಬೇಕಾಗುತ್ತದೆ. ಬೆಳಗಿನ ಮೊದಲ ಸರದಿಯನ್ನೇ ಕೊಡುವಂತೆ ಈಮೇಲಿನಲ್ಲಿ ಕೇಳಿಕೊಳ್ಳುವುದು ಲಾಭ.

ಮಧುಗಿರಿ ಏಕಶಿಲೆ (ಸಂಜೆ 6.10)

ನಾನು ಇದೇ ಮಾದರಿಯ ಗಾಡಿಯನ್ನು ಹೋದ ವರ್ಷ ಸೆಕೆಂಡ್ ಹ್ಯಾಂಡ್ ಕೊಂಡವನು. ನನಗೆ ಯಾವ ಸಂದೇಶವೂ ಬಂದಿಲ್ಲ. ಹಾಗಾದರೆ ನನ್ನ ಗಾಡಿ ಸರಿಯಿದೆ ಎಂದು ತಿಳಿಯಬಹುದೇ?

ಚಿಂತಾಮಣಿ ಕರಿಕೋಟು (6.32)

ಹಾಗೆ ತಿಳಿಯಬೇಡಿ. ಕಂಪನಿಯ ಕಡತದಲ್ಲಿ ಬಹುಮಟ್ಟಿಗೆ ಮೊದಲ ಮಾಲೀಕರ ಮೊಬೈಲ್ ಸಂಖ್ಯೆಯೇ ಉಳಿದಿರುತ್ತದೆ, ಸಂದೇಶ ಅವರಿಗೆ ಹೋಗಿರುತ್ತದೆ. ನಿಮ್ಮ ಆರ್‌ಸಿಯಲ್ಲಿರುವ 17 ಅಕ್ಷರ ಮತ್ತು ಅಂಕಿಗಳ ಚಾಸಿ ನಂಬರನ್ನು ಕಂಪನಿಯ ಜಾಲತಾಣದ ರೀಕಾಲ್ ಪುಟದಲ್ಲಿ ನೀವೇ ಟೈಪು ಮಾಡಿ ನೋಡಿ. ಸಂದೇಶದಲ್ಲಿ ಬರುವ ಕೊಂಡಿಯನ್ನು ಒತ್ತಬೇಡಿ, ಇದೇ ಹೆಸರಿನಲ್ಲಿ ಮೋಸ ಮಾಡುವವರೂ ಇದ್ದಾರೆ. ಹಾಗೆಯೇ ಪರಿವಾಹನ್ ತಾಣದಲ್ಲಿ ಗಾಡಿಯ ದಾಖಲೆಗೆ ನಿಮ್ಮ ಸಂಖ್ಯೆಯನ್ನು ಸೇರಿಸಿಕೊಳ್ಳಿ.

ಮಧುಗಿರಿ ಏಕಶಿಲೆ (7.05)

ಟೈಪು ಮಾಡಿದೆ. ನನ್ನ ಗಾಡಿಯೂ ಪಟ್ಟಿಯಲ್ಲಿದೆ.

ಕ್ಯಾತ್ಸಂದ್ರದವ (ಹನ್ನೊಂದು ದಿನಗಳ ನಂತರ, ರಾತ್ರಿ 8.50)

ಕೆಲಸ ಮುಗಿಸಿಕೊಂಡು ಬಂದೆ, ಏನಾಯಿತೆಂದು ಹೇಳುವುದು ನನ್ನ ಕರ್ತವ್ಯ. ಕಂಪನಿಯ ಗ್ರಾಹಕ ವಿಭಾಗಕ್ಕೆ ಈಮೇಲ್ ಬರೆದ ಮಾರನೆಯ ದಿನವೇ ಸರ್ವೀಸ್ ಸೆಂಟರಿನಿಂದ ಫೋನ್ ಬಂದಿತು, ಹದಿನೈದು ದಿನದ ಮಾತಾಗಲಿ 1,200 ರೂಪಾಯಿಯ ಮಾತಾಗಲಿ ಮತ್ತೆ ಏಳಲಿಲ್ಲ. ಇಂದು ಬೆಳಿಗ್ಗೆ ಗಾಡಿಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕುಳಿತೆ. ಬ್ಯಾಟರಿಗೆ ಚಾರ್ಜರ್ ಜೋಡಿಸಿ, ಕಿಂಡಿಗೆ ತಂತಿ ಹಾಕಿದರು. ಪರದೆ ಕಪ್ಪಾಯಿತು, ಮೂವತ್ತೈದು ನಿಮಿಷ ಕಪ್ಪಾಗಿಯೇ ಇತ್ತು. ಆ ಹುಡುಗ ಅಷ್ಟು ಹೊತ್ತೂ ಲ್ಯಾಪ್‌ಟಾಪಿನ ಹಸಿರು ಪಟ್ಟಿಯನ್ನೇ ನೋಡುತ್ತ, ಟೀ ತಂದವನನ್ನು ಕಣ್ಣಿನಲ್ಲೇ ದೂರ ನಿಲ್ಲಿಸಿದ್ದ.

ಪರದೆ ಮರಳಿ ಬೆಳಗಿತು, ಎಲ್ಲ ದೀಪಗಳೂ ಹತ್ತಿದವು, ಒಂದೊಂದಾಗಿ ಆರಿದವು. ಬ್ರೇಕಿನ ಕೆಂಪು ದೀಪ ಮಾತ್ರ ಆರಲಿಲ್ಲ. ಕೈಬ್ರೇಕು ಕೆಳಗೇ ಇತ್ತು. ಹೊಸ ಸಾಫ್ಟ್‌ವೇರ್ ಆದ್ದರಿಂದ ಹೀಗಾಗಿರಬಹುದು, ಇನ್ನೊಮ್ಮೆ ಬರೆಯೋಣ ಎಂದು ಸಲಹೆಗಾರರು ಹೇಳುತ್ತಿದ್ದಂತೆ, ಇಲ್ಲಿ ಓದಿದ್ದು ನೆನಪಾಗಿ ಬಾನೆಟ್ ಎತ್ತಿಸಿ ಮೊಬೈಲಿನ ಟಾರ್ಚು ಹಿಡಿದೆ. ಎಣ್ಣೆ ಮಿನ್ ಗೆರೆಯಿಂದ ಒಂದು ಬೆರಳಿನಷ್ಟು ಕೆಳಗಿತ್ತು. ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ: ಗ್ಯಾರೇಜಿನವರು ಹೇಳಿದ್ದರೂ ಹನ್ನೊಂದು ದಿನಗಳಲ್ಲಿ ನಾನು ಒಮ್ಮೆಯೂ ಬಾನೆಟ್ ಎತ್ತಿರಲಿಲ್ಲ.

ಅಂತರಸನಹಳ್ಳಿ ಗ್ಯಾರೇಜು (8.58)

ಬರೀ ಎಣ್ಣೆ ತುಂಬಿಸಿ ಕಳಿಸಿದರೋ, ಚಕ್ರ ಬಿಚ್ಚಿ ಬ್ರೇಕ್ ಪ್ಯಾಡು ನೋಡಿದರೋ?

ಕ್ಯಾತ್ಸಂದ್ರದವ (9.06)

ಮೊದಲು ತುಂಬಿಸಲು ಹೊರಟಿದ್ದರು. ಕಾರಣ ನೋಡದೆ ತುಂಬಿಸಬೇಡಿ ಎಂದೆ. ಮುಂದಿನ ಎರಡು ಚಕ್ರಗಳ ಪ್ಯಾಡುಗಳೂ ಸವೆದು ಸುಮಾರು ಮೂರು ಮಿಲಿಮೀಟರ್ ಉಳಿದಿದ್ದವು. ಸೋರಿಕೆ ಎಲ್ಲಿಯೂ ಇರಲಿಲ್ಲ.

ಅಂತರಸನಹಳ್ಳಿ ಗ್ಯಾರೇಜು (9.14)

ಹಾಗಾದರೆ ಲೆಕ್ಕ ಸರಿಹೋಯಿತು. ಪ್ಯಾಡು ಸವೆದಂತೆ ಅದನ್ನು ಒತ್ತಿಹಿಡಿಯುವ ಕ್ಯಾಲಿಪರಿನ ಪಿಸ್ಟನ್ ಮುಂದೆ ಬರುತ್ತದೆ, ಅದರ ಹಿಂದಿನ ಜಾಗವನ್ನು ತುಂಬಲು ಡಬ್ಬಿಯ ಎಣ್ಣೆ ಇಳಿಯುತ್ತದೆ. ಹೊಸ ಪ್ಯಾಡು ಹಾಕಿದರೆ ಎಣ್ಣೆ ತಾನೇ ಮೇಲೆ ಬರುತ್ತದೆ. ಸವೆದ ಪ್ಯಾಡಿನ ಮೇಲೆ ಎಣ್ಣೆ ತುಂಬಿಸಿದ್ದರೆ ದೀಪ ಆರುತ್ತಿತ್ತು, ಪ್ಯಾಡು ಹಾಗೇ ಉಳಿಯುತ್ತಿತ್ತು. ಆ ದೀಪ ಎಷ್ಟು ದಿನಗಳಿಂದ ಹತ್ತಬೇಕಿತ್ತೋ ಯಾರಿಗೆ ಗೊತ್ತು. ಮೊದಲ ದಿನ ನಾನು ಬರೆದ ಬಿಂದಿಯ ಕಥೆಯನ್ನು ವಾಪಸು ಪಡೆಯುತ್ತೇನೆ.

ಶಿರಾ ಗೇಟ್ (9.17)

ಈ ವೇದಿಕೆಯಲ್ಲಿ ನಡೆದ ಮೊದಲ ರೀಕಾಲ್ ಇದೇ ಇರಬೇಕು.

ವೇಮಗಲ್ ಎಂಜಿನಿಯರ್ (9.30)

ಆವೃತ್ತಿ ಸಂಖ್ಯೆ ಬರೆಸಿಕೊಂಡಿರಾ?

ಕ್ಯಾತ್ಸಂದ್ರದವ (9.34)

ಹಳೆಯದು, ಹೊಸದು ಎರಡೂ ಜಾಬ್ ಕಾರ್ಡಿನಲ್ಲಿವೆ. ಓಡೋಮೀಟರ್ ಕೂಡ ಮೊದಲಿದ್ದಷ್ಟೇ ತೋರಿಸುತ್ತಿದೆ. ಪ್ಯಾಡಿನ ಹಣವನ್ನು ಮಾತ್ರ ನಾನೇ ಕೊಟ್ಟೆ, ಅದು ನ್ಯಾಯವೇ.

ಕೆಎ-40 ಹಳದಿ ಬೋರ್ಡು (9.52)

ನನಗೆ ಗುರುವಾರ ಬೆಳಿಗ್ಗೆ ಎಂಟೂವರೆಯ ಸರದಿ ಕೊಟ್ಟಿದ್ದಾರೆ. ಈ ರಾತ್ರಿಯೇ ಟಾರ್ಚು ಹಿಡಿದು ಬಾನೆಟ್ ಎತ್ತಿ ನೋಡಿ ಬಂದೆ, ಎಣ್ಣೆ ನಡುವೆ ಇದೆ.

ಮಧುಗಿರಿ ಏಕಶಿಲೆ (10.20)

ನನ್ನ ಗಾಡಿಯ ಮೊದಲ ಮಾಲೀಕರು ಕಡೆಗೂ ಫೋನಿಗೆ ಸಿಕ್ಕರು. ಕಂಪನಿಯಿಂದ ಅವರಿಗೆ ಮೂರು ಸಲ ಸಂದೇಶ ಬಂದಿತ್ತಂತೆ. ಮಾರಿದ ಗಾಡಿಯನ್ನು ಯಾರೋ ಹಿಂಪಡೆಯುತ್ತಾರೆ ಎಂದರೆ ಅದು ನನಗೆ ಸಂಬಂಧಿಸಿದ ಜಗಳವಲ್ಲ ಎಂದು ಮೂರನ್ನೂ ಅಳಿಸಿಹಾಕಿದೆ ಎಂದರು.